ಕಾಟಪ್ಪನನ್ನು ಬಿಡದ ತಿಪ್ಪಕ್ಕ

ತಿಪ್ಪಕ್ಕ ಕೂತು ಮಾತಾಡಿದ್ದನ್ನು ನಾನು ನೋಡಿಯೇ ಇಲ್ಲ. ಚಿತ್ರದುರ್ಗದ ಬಸ್ ಸ್ಟ್ಯಾಂಡ್ ಹತ್ತಿರದ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಐದು ಪ್ಲಾಸ್ಟಿಕ್ ಕುರ್ಚಿ, ಒಂದು ಬೆಂಚು ಇವೆ. ಅಷ್ಟೂ ಖಾಲಿ ಬಿದ್ದಿದ್ದರೂ ಅವಳು ಅಂಗಡಿಯ ನಟ್ಟನಡುವೆ ಕಾಲು ಅಗಲಿಸಿ ನಿಲ್ಲುತ್ತಿದ್ದಳು. ಮಾತು ಜೋರಾದರೆ ಬಲಗೈ ತನ್ನಷ್ಟಕ್ಕೆ ತಾನೇ ಮೇಲೆ ಹೋಗುತ್ತಿತ್ತು, ಅಲ್ಲಿಲ್ಲದ ಕಂಬಿ ಹಿಡಿಯುವುದಕ್ಕೆ. ಇಪ್ಪತ್ತೈದು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ರಸ್ತೆಗಳ ಗುಂಡಿಗಳಲ್ಲಿ ಕುಲುಕಾಡಿದ ಕಾಲುಗಳು ಅವು. ನೆಲ ಅಲ್ಲಾಡದೆ ಇದ್ದರೇ ಅವಕ್ಕೆ ಅನುಮಾನ. ಎತ್ತರ ಎಷ್ಟು ಅಂತೀರಿ, ನನ್ನ ಜೆರಾಕ್ಸ್ ಮೆಷಿನ್ನಿಗಿಂತ ಒಂದೂವರೆ ಗೇಣು ಹೆಚ್ಚು ಇದ್ದಳೇನೋ.

ಅವಳನ್ನು ‘ಅವರು’ ಎಂದು ಬರೆಯಬೇಕು, ನನಗೂ ಗೊತ್ತು. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಪರಿಚಯವಾದ ಹೊಸತರಲ್ಲಿ ಒಮ್ಮೆ ‘ನೀವು’ ಅಂದೆ. “ಯಾರ್ಲೇ ನೀವು? ಇಲ್ಲಿ ನಿಂತಿರೋಳು ನಾನೊಬ್ಬಳೇ” ಅಂದಳು. ಅಲ್ಲಿಂದ ಮುಂದೆ ನನಗೂ ನಮ್ಮ ಗುಂಪಿಗೂ ಅವಳು ಅಕ್ಕ, ಏಕವಚನ. ಈಗ ಸತ್ತಳು ಅಂತ ಬಹುವಚನ ಹಚ್ಚಿದರೆ ಎದ್ದು ಬಂದು ಬೈದಾಳು.

ನಮ್ಮ ಗುಂಪು ಅಂದೆನಲ್ಲ, ಅದನ್ನು ಮೊದಲು ಹೇಳಬೇಕು. ನಮ್ಮದೊಂದು ಫುಟ್‌ಬಾಲ್ ಲೀಗ್ ಇದೆ. ಅದರಲ್ಲಿ ಯಾರೂ ಬಾಲು ಒದೆಯುವುದಿಲ್ಲ. ಎಲ್ಲ ನನ್ನ ಅಂಗಡಿಯ ಕಂಪ್ಯೂಟರಿನೊಳಗೆ. ಪ್ರತಿ ವರ್ಷ ಕಂಪ್ಯೂಟರು ಒಂದು ಹಿಂಡು ಹೊಸ ಆಟಗಾರರನ್ನು ಹುಟ್ಟಿಸುತ್ತದೆ. ಪ್ರತಿಯೊಬ್ಬನಿಗೂ ವಯಸ್ಸು, ಎತ್ತರ, ಯಾವ ಕಾಲಲ್ಲಿ ಒದೆಯುತ್ತಾನೆ ಎನ್ನುವುದು, ಕೊನೆಗೆ ನೂರಕ್ಕೆ ಇಷ್ಟು ಎಂದು ಒಂದು ಅಂಕ. ಹೆಸರುಗಳು ಮಾತ್ರ ನಾನು ತುಂಬಿದ್ದು, ಲಗ್ನಪತ್ರಿಕೆ ಟೈಪ್ ಮಾಡಿ ಮಾಡಿ ತಲೆಯಲ್ಲಿ ಉಳಿದವು. ನನ್ನದು ಚಿತ್ರದುರ್ಗ ತಂಡ. ಹಿರಿಯೂರಿನದು ವೆಲ್ಡಿಂಗ್ ಶಾಪಿನ ನಯಾಜ್‌ನದು, ಹೊಳಲ್ಕೆರೆಯದು ಮೆಡಿಕಲ್ ಸ್ಟೋರಿನ ಸಿದ್ದೇಶನದು. ಹೊಸದುರ್ಗದಿಂದ ಒಬ್ಬ, ಭೀಮಸಮುದ್ರದಿಂದ ಒಬ್ಬ. ಕ್ರಿಕೆಟ್ಟಿನ ಹಾಗೆ ಇಲ್ಲಿ ಹರಾಜಿಲ್ಲ. ಸರದಿ ಪ್ರಕಾರ ಒಬ್ಬೊಬ್ಬರು ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಳ್ಳಬೇಕು. ಹಿಂದಿನ ವರ್ಷ ಕೊನೆಗೆ ಬಿದ್ದವರಿಗೆ ಮೊದಲ ಸರದಿ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಆಮೇಲೆ ಭಾನುವಾರ ಮಧ್ಯಾಹ್ನಗಳಲ್ಲಿ ಮ್ಯಾಚು. ಪರದೆಯ ಮೇಲೆ ಚುಕ್ಕಿಗಳು ಓಡಾಡುತ್ತವೆ, ಕೆಳಗೆ ಒಂದು ಸಾಲು ಬರುತ್ತದೆ: ಬಲಗಡೆಯಿಂದ ಹೊಡೆದ, ಕೀಪರ್ ಹಿಡಿದ. ಅಷ್ಟಕ್ಕೇ ನಾವು ಗಂಟಲು ಹರಿದುಕೊಳ್ಳುತ್ತೇವೆ. ನಗುವವರು ನಗಲಿ. ಅವರು ಕೂತು ನೋಡುವ ಸೀರಿಯಲ್ಲಿನ ಅತ್ತೆ ಸೊಸೆಯರೇನು ನಿಜವಾಗಿ ಇದ್ದಾರೆಯೇ?

ಲೀಗು ಶುರುವಾಗಿ ಎರಡು ವರ್ಷವಾಗಿತ್ತು. ಒಂದು ಭಾನುವಾರ ಷಟರ್ ಅರ್ಧ ಎಳೆದುಕೊಂಡು ನಾವು ಐವರೂ ಒಳಗೆ ಕೂಗಾಡುತ್ತಿದ್ದೆವು. ಅರ್ಧ ಷಟರಿನ ಕೆಳಗೆ ಒಬ್ಬ ಹೆಂಗಸು ಬಗ್ಗದೆ ನೆಟ್ಟಗೆ ನಡೆದು ಒಳಗೆ ಬಂದಳು. ಸೀರೆಯ ಮೇಲೆ ಖಾಕಿ ಕೋಟು, ಹೆಗಲಲ್ಲಿ ಚರ್ಮದ ಬ್ಯಾಗು, ಕೈಯಲ್ಲಿ ರಜೆ ಅರ್ಜಿ.

“ಒಂದು ಜೆರಾಕ್ಸ್ ಹಾಕಪ್ಪ.”

“ಇವತ್ತು ಅಂಗಡಿ ಇಲ್ಲಕ್ಕ.”

“ಅಂಗಡಿ ಐತೆ, ಮಿಷಿನ್ ಐತೆ, ನೀನೂ ಇದೀಯ. ಇನ್ನೇನಿಲ್ಲ?”

ಮೆಷಿನ್ ಆನ್ ಮಾಡಿದೆ. ಅದು ಬಿಸಿಯಾಗುವಷ್ಟರಲ್ಲಿ ಅವಳು ಮೇಜಿನ ಮೇಲಿದ್ದ ನಮ್ಮ ದೊಡ್ಡ ನೋಟ್‌ಬುಕ್ ಎಳೆದುಕೊಂಡು ಓದತೊಡಗಿದಳು. ಆ ದಿನ ನಮ್ಮ ತಪ್ಪೊಪ್ಪಿಗೆ ನಡೆದಿತ್ತು. ಅದು ನಾವೇ ತಮಾಷೆಗೆ ಮಾಡಿಕೊಂಡ ಪದ್ಧತಿ. ಹೊಸ ಡ್ರಾಫ್ಟಿಗೆ ಮುಂಚೆ ಪ್ರತಿಯೊಬ್ಬರೂ ಹಿಂದೆ ತಾವು ಆರಿಸಿದವರ ಹೆಸರು ಎಲ್ಲರೆದುರು ಓದಬೇಕು. ಪ್ರತಿ ಹೆಸರಿನ ಮುಂದೆ ‘ಸರಿ’ ಅಥವಾ ‘ತಪ್ಪು’ ಎಂದು ಸ್ವಂತ ಕೈಯಿಂದ ಬರೆಯಬೇಕು. ತಪ್ಪು ಎಂದು ಬರೆಸಿಕೊಂಡವನು ಆ ಕ್ಷಣದಿಂದ ತಂಡದಲ್ಲಿಲ್ಲ. ಅವನ ಹೆಸರು ‘ಬಿಟ್ಟವರ ಪಟ್ಟಿ’ಗೆ ಹೋಗುತ್ತದೆ, ಬೇಕಾದವರು ಎತ್ತಿಕೊಳ್ಳಬಹುದು. ಸಿದ್ದೇಶನಂತೂ ತಪ್ಪು ಬರೆಯುವಾಗ ಹೋಳಿಗೆ ತಿನ್ನುವವನ ಹಾಗೆ ಮುಖ ಮಾಡುತ್ತಿದ್ದ.

“ಇವು ಯಾವ ಕಾಲೇಜಿನ ಹುಡುಗ್ರು?” ಎಂದು ಕೇಳಿದಳು.

“ಯಾವ ಕಾಲೇಜಿನವರೂ ಅಲ್ಲಕ್ಕ. ಇವರು ಇಲ್ಲವೇ ಇಲ್ಲ. ಕಂಪ್ಯೂಟರ್ ಮಾಡಿದ್ದು” ಅಂದೆ.

“ಇಲ್ದೇ ಇರೋರನ್ನ ಹಿಡ್ಕಂಡು ಇಷ್ಟೊಂದು ಬೈತಾ ಇದೀರಲ್ರೋ, ಇರೋರು ಸಿಕ್ಕಿದ್ರೆ ಇನ್ನೇನ್ ಮಾಡ್ತಿದ್ರಿ?” ಅಂದು ಮತ್ತೆ ಪುಟದ ಮೇಲೆ ಬೆರಳಿಟ್ಟಳು. “ಕಾಟಪ್ಪ. ಕೀಪರ್. ಮೊದಲ್ನೇ ವರ್ಷ ಚಿತ್ರದುರ್ಗ, ತಪ್ಪು. ಎರಡ್ನೇ ವರ್ಷ ಹೊಳಲ್ಕೆರೆ, ತಪ್ಪು. ಇವನ್ನ ಎರಡು ಕಡೇಲೂ ಯಾಕ್ ಇಳಿಸಿದ್ರಿ?”

ಮೊದಲನೆಯ ‘ತಪ್ಪು’ ನನ್ನ ಕೈಬರಹ. “ಎಡಗಡೆ ಬಂದ ಬಾಲು ಹಿಡಿಯಲ್ಲಕ್ಕ ಅವನು. ನೂರಕ್ಕೆ ನಲವತ್ತೊಂದು” ಎಂದೆ.

“ಈಗ ಎಲ್ಲಿಗ್ ಹೋಗ್ತಾನೆ?”

“ಎಲ್ಲಿಗೂ ಇಲ್ಲ. ಪಟ್ಟಿಯಲ್ಲಿ ಇರ್ತಾನೆ.”

ಜೆರಾಕ್ಸ್ ಆಗಿತ್ತು, ಕೊಟ್ಟೆ. ಮಡಿಚಿ ಬ್ಯಾಗಿಗೆ ಹಾಕಿದಳು, ಹೊರಡಲಿಲ್ಲ. “ಹಂಗಾದ್ರೆ ನಂಗೂ ಒಂದು ಟೀಮು ಕೊಡ್ರಿ” ಅಂದಳು. ನಾವು ಐದೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಯಾಜ್‌ಗೆ ಖುಷಿಯೋ ಖುಷಿ, ಕುರ್ಚಿ ಬಿಟ್ಟು ಎದ್ದು “ಬರ್ರಿ ಅಕ್ಕಾ, ಕುಂತ್ಕಳ್ರಿ” ಅಂದ. ಕೂರಲಿಲ್ಲ. ಹೀಗೆ ಆರನೆಯ ತಂಡ ಹುಟ್ಟಿತು. ಅವಳ ಊರು ಜವನಗೊಂಡನಹಳ್ಳಿ. ಅಣ್ಣಂದಿರು ಈಗಲೂ ಅಲ್ಲಿ ಕುರಿ ಕಾಯುತ್ತಾರೆ. ತಂಡದ ಹೆಸರು ಜೆ.ಜಿ.ಹಳ್ಳಿ ಎಂದಾಯಿತು.

ಹೊಸ ತಂಡವಾದ್ದರಿಂದ ಮೊದಲ ಸರದಿ ಅವಳದು. ಆ ವರ್ಷದ ಹೊಸಬರಲ್ಲಿ ವೀರಭದ್ರ ಅಂತ ಒಬ್ಬ ಗೋಲು ಹೊಡೆಯುವವನಿದ್ದ, ಎಂಬತ್ತೈದು ಅಂಕ. ಅಂಥವನು ಲೀಗಿನಲ್ಲಿ ಹಿಂದೆ ಹುಟ್ಟಿರಲಿಲ್ಲ. ನಾವೆಲ್ಲ ಅವನ ಆಸೆ ಬಿಟ್ಟು ಎರಡನೆಯವನ ಲೆಕ್ಕ ಹಾಕುತ್ತಿದ್ದೆವು.

“ಕಾಟಪ್ಪ” ಅಂದಳು ತಿಪ್ಪಕ್ಕ.

ನಯಾಜ್‌ಗೆ ತಡೆಯಲಾಗಲಿಲ್ಲ. “ಅರೇ ಅಕ್ಕಾ, ಅವನ್ನ ಕೊನೇಲಿ ತಗಳ್ರಿ. ಯಾರೂ ಮುಟ್ಟಲ್ಲ, ಕಸಮ್ ಸೇ. ಹಂಗೇ ಬಿದ್ದಿರ್ತಾನೆ. ಈಗ ವೀರಭದ್ರನ್ನ ಹಾಕ್ಕಳ್ರಿ!”

“ಕೊನೇಲಿ ಉಳ್ಕಂಡಿದ್ದಕ್ಕೆ ಇವಳು ಹತ್ತಿಸ್ಕಂಡ್ಲು ಅಂತ ಅವನಿಗ್ಯಾಕ್ ಅನ್ನಿಸ್ಬೇಕು? ಮೊದಲ್ನೇ ಹೆಸರು ಅವಂದೇ ಬರಿ.”

“ಅವನಿಗೆ ಅನ್ನಿಸೋಕೆ ಅವನೆಲ್ಲಿ ಇದ್ದಾನೆ ಅಕ್ಕಾ?” ಅಂತ ಸಿದ್ದೇಶ ಕಿಸಕ್ಕನೆ ನಕ್ಕ.

“ಇಲ್ದೇ ಇರೋನಿಗೆ ತಪ್ಪು ಅಂತ ಯಾಕ್ ಬರೆದೆ ಮತ್ತೆ?” ಎಂದಳು.

ಅಷ್ಟು ಹಟ ಯಾಕೆ ಎಂದು ಬಹಳ ದಿನದ ಮೇಲೆ ನಾನೇ ಕೇಳಿದೆ. ಮುಚ್ಚುಮರೆ ಇಲ್ಲದೆ ಹೇಳಿದಳು. ಕಂಡಕ್ಟರ್ ಕೆಲಸಕ್ಕೆ ಇಷ್ಟು ಎತ್ತರ ಇರಬೇಕು ಎಂದು ಅಳೆಯುತ್ತಾರೆ. ಎರಡು ಸಲ ಇವಳನ್ನು ಅಳತೆ ಕಂಬದ ಕೆಳಗೆ ನಿಲ್ಲಿಸಿ, ಒಂದು ಬೆರಳು ಕಡಿಮೆ ಅಂತ ಮನೆಗೆ ಕಳಿಸಿದ್ದರಂತೆ. “ಮೂರ್ನೇ ಸಲ ಹೋದೆ. ಅದೇ ಕಂಬ, ಅದೇ ನಾನು. ಅಳೆಯೋನು ಬೇರೆ. ‘ಸರಿ ಐತೆ, ಹೋಗಮ್ಮ’ ಅಂದ. ನಾನೇನ್ ಬೆಳೆದಿದ್ನಾ? ಬೆಳೀದೇ ಒಳಗ್ ಬಂದೋಳು ನಾನು. ಇವನ್ನ ನೀವು ನಲವತ್ತೊಂದು ಅಂತೀರಿ. ಅಂದ್ಕಳ್ರಿ.” ಹೇಳುವಾಗ ಕೈ ಮತ್ತೆ ಮೇಲೆ ಹೋಗಿತ್ತು.

ಅವಳ ಜೊತೆ ಮ್ಯಾಚ್ ನೋಡುವುದೇ ಒಂದು ತಮಾಷೆ. ಆಟ ಶುರುವಾಗಬೇಕಾದರೆ ಅವಳು “ರೈಟ್!” ಅನ್ನಬೇಕು, ಆಮೇಲೆಯೇ ನಾನು ಬಟನ್ ಒತ್ತಬೇಕು. ಅವಳ ಕಡೆಯವರು ಗೋಲಿನ ಬಾಯಲ್ಲಿ ಗುಂಪುಗಟ್ಟಿದರೆ “ಬಾಗ್ಲಾಗ್ ನಿಲ್ಬ್ಯಾಡ್ರೀ, ಒಳಗ್ ಹೋಗ್ರೀ, ಜಾಗ ಐತೆ” ಅಂತ ಪರದೆಗೆ ಗದರುತ್ತಿದ್ದಳು. ಕಾಟಪ್ಪ ಎಡಗಡೆ ಗೋಲು ಬಿಟ್ಟಾಗ ನಾವು ಹೋ ಎಂದು ಅರಚಿದರೆ, ಅವಳು ನಮ್ಮ ಕಡೆ ತಿರುಗದೆ “ಬಿಡ್ ತಮ್ಮ, ಮುಂದಿಂದು ನೋಡ್ಕ” ಅನ್ನುತ್ತಿದ್ದಳು. ಮುಂದಿನದನ್ನೂ ಅವನು ಬಿಡುತ್ತಿದ್ದ. ಮೊದಲ ವರ್ಷ ಜೆ.ಜಿ.ಹಳ್ಳಿ ಕೊನೆಗೆ ಬಿತ್ತು. ಎರಡನೇ ವರ್ಷ ಮೊದಲ ಸರದಿ ಸಿಕ್ಕಾಗ, ನಾವೆಲ್ಲ ಮುದುಕ ಅಂತ ಬಿಟ್ಟಿದ್ದ ಓಬಳೇಶನನ್ನು ಆರಿಸಿದಳು. ಮತ್ತೆ ಕೊನೆ. ಎರಡೂ ತಪ್ಪೊಪ್ಪಿಗೆಯಲ್ಲಿ ಸ್ಟಾಪುಗಳ ಹೆಸರು ಕೂಗುವ ರಾಗದಲ್ಲಿ ತನ್ನ ಆಟಗಾರರ ಹೆಸರು ಓದಿ, ಪ್ರತಿಯೊಂದರ ಮುಂದೆಯೂ ‘ಸರಿ’ ಎಂದು ಬರೆದಳು. ಪೆನ್ನು ಒತ್ತಿ ಬರೆಯುವ ಅಭ್ಯಾಸ, ಹಿಂದಿನ ಪುಟಕ್ಕೂ ಅಚ್ಚು ಮೂಡುತ್ತಿತ್ತು.

ಇದು ಆಟದಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅವಳು ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿದ್ದಾಗ ಒಂದು ದಿನ ನಾನೂ ಅದೇ ಬಸ್ಸಿನಲ್ಲಿದ್ದೆ. ಆ ಬಸ್ಸಿಗೆ ಆದಿವಾಲದಲ್ಲಿ ಸ್ಟಾಪಿಲ್ಲ. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕಪ್ಪು ಕನ್ನಡಕ ಹಾಕಿದ್ದ ಒಬ್ಬ ಅಜ್ಜ, ಬೋರ್ಡು ಕಾಣದೆ ಹತ್ತಿ “ಆದಿವಾಲ ಒಂದು” ಎಂದ. ಬಸ್ಸು ಆಗಲೇ ಹಿರಿಯೂರು ದಾಟಿತ್ತು. ಇಲ್ಲೇ ಇಳಿಸ್ರಿ, ಹಿಂದೆ ಬೇರೆ ಬಸ್ಸು ಬರ್ತೈತೆ ಅಂತ ನಾಲ್ಕು ಜನ ಹೇಳಿದರು, ಡ್ರೈವರೂ ಹೇಳಿದ. ಮೇಲೆ ರಣಬಿಸಿಲು. “ಹತ್ತಿಸ್ಕಂಡೋಳು ನಾನು. ಇಳಿಸೋದು ಅವನೂರಾಗೆ” ಎಂದಳು ತಿಪ್ಪಕ್ಕ. ಆದಿವಾಲ ಬಂದಾಗ ಸೀಟಿ ಊದಿ ನಿಲ್ಲಿಸಿ, ಅಜ್ಜನ ಕೈ ಹಿಡಿದು ಇಳಿಸಿ, ನೆರಳಿಗೆ ಬಿಟ್ಟು ಬಂದಳು. ಹಿಂದೆಯೇ ಚೆಕಿಂಗ್ ಜೀಪಿತ್ತು.

ಮೂರು ದಿನಕ್ಕೆ ಮೆಮೊ ಬಂತು. ಅದಕ್ಕೆ ಉತ್ತರ ಟೈಪ್ ಮಾಡಿಸಲು ನನ್ನ ಬಳಿಯೇ ಬಂದಳು. ಡ್ರೈವರ್ ಕಂಡಕ್ಟರುಗಳ ಇಂಥ ಉತ್ತರಗಳು ನನಗೆ ನಿತ್ಯದ ಕೆಲಸ. ಕಂಪ್ಯೂಟರಿನಲ್ಲಿ ಒಂದು ನಮೂನೆಯನ್ನೇ ಇಟ್ಟಿದ್ದೆ, ಹೆಸರು ತಾರೀಖು ಬದಲಿಸಿದರೆ ಮುಗಿಯಿತು. ‘ಅರಿವಿಲ್ಲದೆ ಆದ ಪ್ರಮಾದವನ್ನು ದಯವಿಟ್ಟು ಮನ್ನಿಸಬೇಕು, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ.’ ಪ್ರಿಂಟ್ ತೆಗೆದು ಕೊಟ್ಟೆ. ಓದಿದವಳು ಅದನ್ನು ಮೇಜಿನ ಮೇಲೆ ಕುಕ್ಕಿದಳು.

“ಯಾರಿಗ್ಲೇ ಅರಿವಿರ್ಲಿಲ್ಲ? ನಾನೇನ್ ನಿದ್ದೆಗಣ್ಣಾಗೆ ಸೀಟಿ ಊದಿದ್ನಾ? ಅಳಿಸು. ನಾನ್ ಹೇಳಿದಂಗ್ ಬರಿ. ‘ಅಜ್ಜನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಬಿಸಿಲಿತ್ತು. ನಿಲ್ಲಿಸಿದೆ. ನಾಳೆಯೂ ನಿಲ್ಲಿಸುತ್ತೇನೆ.’ ಇಷ್ಟೇ.”

“ಅಕ್ಕ, ಕೊನೇ ಸಾಲೊಂದು ಬೇಡ. ಉಳಿದಿದ್ದು ಇರಲಿ.”

“ಕೊನೇ ಸಾಲೇ ಉತ್ತರ. ಉಳಿದಿದ್ದು ನೀನು ಬೇಕಾದ್ರೆ ತೆಗಿ.”

ಎಕ್ಸ್‌ಪ್ರೆಸ್ಸಿನಿಂದ ತೆಗೆದು ಹೊಸದುರ್ಗದ ಆಚೆಯ ಹಳ್ಳಿ ರೂಟಿಗೆ ಹಾಕಿದರು. ಒಂದು ವರ್ಷ ಧೂಳು ಕುಡಿದಳು. ಆ ರೂಟಿನಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಕೇಳುವವರೇ ಇಲ್ಲ ಅಂತ ನಮ್ಮ ಮುಂದೆ ಕೊಚ್ಚಿಕೊಳ್ಳುತ್ತಿದ್ದಳು.

ಈಗ ನನ್ನ ಪಾಪದ ಕತೆಗೆ ಬರುತ್ತೇನೆ. ನಮ್ಮ ಲೀಗಿಗೆ ಮೊದಲಿನಿಂದಲೂ ಒಂದು ಕಾನೂನಿತ್ತು. ಸತತ ಮೂರು ವರ್ಷ ಕೊನೆಗೆ ಬಿದ್ದ ತಂಡ ರದ್ದು. ಅದರ ಆಟಗಾರರೆಲ್ಲ ಬಿಟ್ಟವರ ಪಟ್ಟಿಗೆ. ತಿಪ್ಪಕ್ಕನ ಮೂರನೇ ವರ್ಷದ ಕೊನೆಯ ಮ್ಯಾಚು ಸಿದ್ದೇಶನ ಹೊಳಲ್ಕೆರೆಯ ಮೇಲೆ. ಸೋತರೆ ಜೆ.ಜಿ.ಹಳ್ಳಿ ಮುಗಿಯಿತು. ಸಮ ಮಾಡಿಕೊಂಡರೂ ಹೊಸದುರ್ಗಕ್ಕಿಂತ ಒಂದು ಮೆಟ್ಟಿಲು ಮೇಲೆ ಉಳಿಯುತ್ತಿತ್ತು. ಅವಳಿಲ್ಲದ ಭಾನುವಾರ ನೆನೆಸಿಕೊಂಡರೆ ಅಂಗಡಿಯೇ ಬಣಗುಟ್ಟುತ್ತದೆ ಅನ್ನಿಸಿತು. ಬೆಳಿಗ್ಗೆ ಯಾರೂ ಬರುವ ಮುಂಚೆ ಅಂಗಡಿ ತೆಗೆದು ಕಾಟಪ್ಪನ ನಲವತ್ತೊಂದನ್ನು ಎಪ್ಪತ್ತು ಮಾಡಿದೆ. ಒಳ್ಳೆಯದಕ್ಕೇ ಮಾಡಿದೆ ಅಂದುಕೊಂಡಿದ್ದೆ, ಈಗ ಮುಚ್ಚಿಡುವುದೇನು.

ಮ್ಯಾಚು ಶುರುವಾಯಿತು. ಸಿದ್ದೇಶನ ಕಡೆಯವರು ಮೇಲಿಂದ ಮೇಲೆ ಬಂದರು. ಎಡಗಡೆಯಿಂದ ಹೊಡೆದ, ಕೀಪರ್ ಹಾರಿ ಹಿಡಿದ. ಮತ್ತೆ ಎಡಗಡೆ, ಮತ್ತೆ ಹಿಡಿದ. ನಯಾಜ್ ಬೆಂಚಿನ ಮೇಲೆ ಹತ್ತಿ ಕುಣಿದ. ಹೊಸದುರ್ಗದವನು ಕೂಡ, ತಾನೇ ಕೊನೆಗೆ ಬೀಳುತ್ತಿದ್ದರೂ, ಚಪ್ಪಾಳೆ ಹೊಡೆದ. ಸೊನ್ನೆ ಸೊನ್ನೆಯಲ್ಲಿ ಆಟ ಮುಗಿಯಿತು. ನಾನು ತಿಪ್ಪಕ್ಕನ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ.

“ಲೇ ಪರಮೇಶಿ, ಇವನ್ಯಾರು?”

“ಕಾಟಪ್ಪ ಅಕ್ಕ.”

“ಕಾಟಪ್ಪ ಎಡಕ್ಕೆ ಹಾರಲ್ಲ. ಮೂರು ವರ್ಷದಾಗೆ ಒಂದ್ಸಲಾನೂ ಹಾರಿಲ್ಲ. ಇವತ್ತು ಐದು ಸಲ ಹಾರವ್ನೆ. ಏನ್ ಮಾಡೀಯ?”

“ಕಲಿತಿರಬೇಕು” ಎಂದು ತೊದಲಿದೆ.

“ನನ್ ಮಕ ನೋಡ್ಕಂಡು ಹೇಳು.”

ಹೇಳಿದೆ. ಎಲ್ಲರೆದುರೂ ಹೇಳಬೇಕಾಯಿತು. ತಿಪ್ಪಕ್ಕನ ಕೋಪ ನಾನು ಬೇಕಾದಷ್ಟು ನೋಡಿದ್ದೇನೆ, ಕುಡಿದು ಬಸ್ ಹತ್ತಿದವರನ್ನು ಹಿಡಿದು ಕೂರಿಸುವ ಕೋಪ ಅದು. ಆ ದಿನದ್ದು ಬೇರೆ. ದನಿ ಏರಲೇ ಇಲ್ಲ. “ಥೂ ನಿನ್ನ. ಮೂರು ವರ್ಷದಿಂದ ಇವ್ರೆಲ್ಲ ಕಿಸಿದ್ರು. ಇವನು ಹಿಂಗಿದ್ರೆ ಸಾಲ್ದು ಅಂತ ನನ್ ಬಾಯಾಗೆ ಒಂದ್ ಮಾತು ಬಂದಿಲ್ಲ. ನೀನು ಒಂದು ಬೆಳಿಗ್ಗೆಲಿ ಅಂದ್ಬಿಟ್ಟೆ. ನಿನ್ ಎಪ್ಪತ್ತು ನೀನಿಟ್ಕ. ನಮ್ ಹುಡುಗ ಇದ್ದಂಗೇ ಆಡ್ಲಿ. ವಾಪಸ್ ಹಾಕು, ಮತ್ತೆ ಆಡ್ಸು.”

ಸಿದ್ದೇಶನೇ, ಗೆಲ್ಲಬೇಕಾಗಿದ್ದವನೇ, “ಹೋಗ್ಲಿ ಬಿಡಕ್ಕ, ಡ್ರಾ ಅಂತಾನೇ ಇಟ್ಕಳಾಣ” ಅಂದ. “ನಿನ್ ಧರ್ಮ ಯಾರಿಗ್ ಬೇಕ್ಲೇ?” ಎಂದಳು. ನಲವತ್ತೊಂದಕ್ಕೆ ಇಳಿಸಿದೆ. “ರೈಟ್!” ಎಂದಳು. ಎರಡು ಗೋಲು ಬಿದ್ದವು, ಎರಡೂ ಎಡಗಡೆ. ಎರಡನೆಯದು ಬಿದ್ದಾಗ ಅವಳು ನಮ್ಮನ್ನೆಲ್ಲ ಒಂದು ಸುತ್ತು ನೋಡಿ, “ಇವನು ನಮ್ ಕಾಟಪ್ಪ” ಅಂದಳು. ಗೆದ್ದವರಾದರೂ ಅಷ್ಟು ಜಂಬದಿಂದ ಹೇಳುತ್ತಿದ್ದರೋ ಇಲ್ಲವೋ.

ಮುಂದಿನ ತಪ್ಪೊಪ್ಪಿಗೆಗೆ ಮುಂಚೆ ನಾವು ಐವರು ಟೀ ಅಂಗಡಿಯಲ್ಲಿ ಸೇರಿ ಮಾತಾಡಿಕೊಂಡೆವು. ಕಾನೂನು ನಮ್ಮದೇ, ಸಡಿಲ ಮಾಡಿದರಾಯಿತು. ಆದರೆ ಪುಕ್ಕಟೆ ಹೇಗೆ ಬಿಡುವುದು? ಕಾಟಪ್ಪನ ಮುಂದೆ ಒಂದು ಸಲ ‘ತಪ್ಪು’ ಅಂತ ಬರೆಯಲಿ, ಬೇರೆ ಕೀಪರ್ ತೆಗೆದುಕೊಳ್ಳಲಿ, ತಂಡ ಉಳಿಸೋಣ ಅಂತ ತೀರ್ಮಾನವಾಯಿತು. ಹೇಳುವ ಕೆಲಸ ನನ್ನ ತಲೆಗೆ ಕಟ್ಟಿದರು. ಬಂದು ನಿಂತವಳ ಮುಂದೆ ನೋಟ್‌ಬುಕ್ ಇಟ್ಟು ಹೇಳಿದೆ.

“ಬರೆದ್ರೆ ಅವನೇನಾಗ್ತಾನೆ?” ಎಂದು ಕೇಳಿದಳು.

“ಬಿಟ್ಟವರ ಪಟ್ಟಿಗೆ ಹೋಗ್ತಾನೆ.”

“ಬರೀದಿದ್ರೆ?”

“ಟೀಮೇ ಹೋಗುತ್ತೆ. ಆಗಲೂ ಅವನು ಪಟ್ಟಿಗೇ ಹೋಗ್ತಾನಲ್ಲ ಅಕ್ಕ. ಅವನ ಪಾಲಿಗೆ ಎರಡೂ ಒಂದೇ. ನೀನಾದರೂ ಉಳ್ಕ.” ಒಳ್ಳೆಯ ವಾದ ಹೂಡಿದೆ ಎಂದು ನನಗೇ ಹೆಮ್ಮೆಯಾಗಿತ್ತು.

“ಎರಡೂ ಒಂದೇ ಅಲ್ಲ ಕಣ್ಲೇ. ಒಂದ್ರಾಗೆ ನಾನ್ ಇಳಿಸಿದ್ದು. ಇನ್ನೊಂದ್ರಾಗೆ ಬಸ್ಸೇ ಕೆಟ್ಟು ನಿಂತಿದ್ದು.” ಅಂದವಳೇ ಪೆನ್ನು ಕಿತ್ತುಕೊಂಡು ಕಾಟಪ್ಪನ ಹೆಸರಿನ ಮುಂದೆ ‘ಸರಿ’ ಎಂದು ಬರೆದಳು. ಅದರ ಕೆಳಗೆ ಓಬಳೇಶ, ಸರಿ. ಅದರ ಕೆಳಗಿನವರೂ ಸರಿ. ಒಬ್ಬರನ್ನೂ ಬಿಡಲಿಲ್ಲ. “ತಗಳ್ರಿ ನಿಮ್ ಟೀಮು. ನಾನ್ ಹೋಗ್ತೀನಿ, ಡ್ಯೂಟಿ ಐತೆ.” ನಯಾಜ್ ಷಟರಿನ ತನಕ ಹಿಂದೆ ಹೋಗಿ “ಅಕ್ಕಾ, ಅಕ್ಕಾ” ಅಂತ ಗೋಗರೆದ. ಅವಳು ತಿರುಗಲಿಲ್ಲ.

ಅವಳು ಹೋದ ಮೇಲೆ ಅಲ್ಲೇ ಡ್ರಾಫ್ಟ್ ನಡೆಯಿತು. ಅವಳ ಆಟಗಾರರನ್ನು ಒಬ್ಬೊಬ್ಬರು ಹಂಚಿಕೊಂಡರು, ಮುದುಕ ಓಬಳೇಶನನ್ನೂ ನಯಾಜ್ ಮರ್ಯಾದೆಗೆ ಎತ್ತಿಕೊಂಡ. ನನ್ನ ಸರದಿ ಬಂತು. ಪಟ್ಟಿಯಲ್ಲಿ ಕಾಟಪ್ಪನ ಹೆಸರಿತ್ತು, ಕಣ್ಣಿಗೆ ಬಿತ್ತು. ಆ ವರ್ಷದ ಹೊಸಬರಲ್ಲಿ ಮಾರುತಿ ಅಂತ ಒಬ್ಬನಿದ್ದ, ಎಂಬತ್ತೆರಡು ಅಂಕ, ಗಾಳಿಯ ಹಾಗೆ ಓಡುವವನು. ನಾನು ಮಾರುತಿ ಎಂದೆ. ಆ ವರ್ಷ ಮಾರುತಿಯಿಂದ ಚಿತ್ರದುರ್ಗ ಮೊದಲ ಸಲ ಗೆದ್ದಿತು. ಸಿಹಿ ಹಂಚಿದೆ, ನಾಚಿಕೆ ಇಲ್ಲದೆ.

ತಿಪ್ಪಕ್ಕ ಭಾನುವಾರ ಬರುವುದು ನಿಲ್ಲಿಸಿದಳು, ಉಳಿದ ದಿನ ಬರುತ್ತಿದ್ದಳು. ಜೆರಾಕ್ಸ್ ಮಾಡಿಸಿಕೊಂಡು, ಊರ ಸುದ್ದಿ ಹೇಳಿ, ನನ್ನ ಹೊಟ್ಟೆ ಬೆಳೆದಿದ್ದಕ್ಕೆ ಬೈದು ಹೋಗುತ್ತಿದ್ದಳು. ಲೀಗಿನ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬರಬರುತ್ತ ಅವಳು ತರುತ್ತಿದ್ದ ಕಾಗದಗಳೆಲ್ಲ ಆಸ್ಪತ್ರೆಯವಾದವು. ಕಿಡ್ನಿಯಂತೆ. ಕೋಟು ಹೆಗಲಿನಿಂದ ಜಾರುವಷ್ಟು ಸೊರಗಿದಳು. ಕೂತ್ಕ ಅಕ್ಕ ಎಂದರೆ “ಕುಂತ್ರೆ ಏಳಾಕಾಗಲ್ಲ” ಎನ್ನುತ್ತಿದ್ದಳು.

ಕೊನೆಯ ಸಲ ಬಂದಾಗ ಕೋಟೂ ಇರಲಿಲ್ಲ. ರಿಪೋರ್ಟುಗಳ ಕಟ್ಟು ಕೊಟ್ಟಳು. ಮೆಷಿನ್ನಿನ ಬೆಳಕು ಅತ್ತಿಂದಿತ್ತ ಓಡಾಡುತ್ತಿರುವಾಗ ಇದ್ದಕ್ಕಿದ್ದ ಹಾಗೆ ಕೇಳಿದಳು.

“ಕಾಟಪ್ಪನ್ನ ಯಾರ್ ತಗಂಡ್ರು?”

ನಯಾಜ್ ತಗೊಂಡ ಎಂದು ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಒಂದು ಸಲ ಅವಳ ಕೈಗೆ ಸಿಕ್ಕಿಬಿದ್ದವನು, ಧೈರ್ಯ ಬರಲಿಲ್ಲ. “ಯಾರೂ ಇಲ್ಲಕ್ಕ” ಎಂದೆ.

“ನೀನೂ?”

ಮೆಷಿನ್ ನಿಂತಿತ್ತು. ನಾನು ಕಾಗದ ಜೋಡಿಸುತ್ತಾ ಇದ್ದೆ, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದೆ. ಮಾರುತಿ ಅಂತ ಒಬ್ಬ ಸಿಕ್ಕ, ಅವನಿಂದ ಗೆದ್ದೆವು, ಲೀಗಿನಲ್ಲೇ ಒಳ್ಳೆಯವನು ಈಗ ಅವನೇ ಅಂತ ಏನೇನೋ ಬಡಬಡಿಸಿದೆ. ಅವಳು ಪೂರಾ ಕೇಳಿಸಿಕೊಂಡಳು.

“ಗೆದ್ದೆ, ಸಂತೋಷ. ಆದ್ರೆ ಅದು ತಪ್ಪು ಕಣ್ಲೇ ಪರಮೇಶಿ. ಬರ್ಕ” ಎಂದು ಕಟ್ಟು ತೆಗೆದುಕೊಂಡು ಮೆಟ್ಟಿಲಿಳಿದಳು. ಒಂದೊಂದೇ ಮೆಟ್ಟಿಲು, ಗೋಡೆ ಹಿಡಿದುಕೊಂಡು. ಆಟೊ ಹತ್ತಿಸಲು ಹೋದರೆ ಕೈ ಕೊಡವಿದಳು.

ಎರಡು ತಿಂಗಳಿಗೆ, ಅವಳ ಜೊತೆ ಕೆಲಸ ಮಾಡುತ್ತಿದ್ದ ಡ್ರೈವರೊಬ್ಬರು ಬಂದು ಸುದ್ದಿ ಹೇಳಿದರು. ನಾವು ಐವರೂ ಅಂಗಡಿ ಮುಚ್ಚಿ ಜವನಗೊಂಡನಹಳ್ಳಿಗೆ ಮಣ್ಣಿಗೆ ಹೋದೆವು. ನಯಾಜ್ ತಾನು ಗಂಡಸು ಎನ್ನುವುದನ್ನು ಮರೆತು ಬಿಕ್ಕಿಬಿಕ್ಕಿ ಅತ್ತ. ನನಗೆ ಅಳು ಬರಲಿಲ್ಲ, ಸಿಟ್ಟು ಬಂದಿತ್ತು. ಯಾರ ಮೇಲೆ ಎಂದರೆ ಹೇಳಲು ಗೊತ್ತಿಲ್ಲ. ನನ್ನ ಮೇಲೇ ಇರಬೇಕು.

ಹೋದ ತಿಂಗಳು ಈ ವರ್ಷದ ತಪ್ಪೊಪ್ಪಿಗೆ ನಡೆಯಿತು. ನನ್ನ ಸರದಿ ಬಂದಾಗ ಓದಿದೆ: ಮಾರುತಿ. ನಾಲ್ವರೂ ಒಂದೇ ಗಂಟಲಲ್ಲಿ “ಸರಿ!” ಅಂತ ಕೂಗಿದರು. ಸಿದ್ದೇಶ ಆಗಲೇ ಮುಂದಿನ ಹೆಸರಿಗೆ ಹೋಗಿದ್ದ. ನಾನು ಪೆನ್ನು ತೆಗೆದುಕೊಂಡು ‘ತಪ್ಪು’ ಎಂದು ಬರೆದೆ.

“ಏನ್ಲೇ ಬರೆದೆ?” ಎಂದು ಸಿದ್ದೇಶ ಪುಸ್ತಕ ಎಳೆದುಕೊಂಡ. “ತಲೆಗಿಲೆ ಕೆಟ್ಟೈತಾ? ಗೆಲ್ಲಿಸಿದೋನು ಅವನು!”

“ಗೆಲ್ಲಿಸಿದ. ಆರಿಸಿದ್ದು ತಪ್ಪು. ಕಾನೂನು ಗೊತ್ತಲ್ಲ, ಈಗ ಅವನು ನನ್ನವನಲ್ಲ. ಬೇಕಾದವರು ಹಾಕ್ಕೊಳ್ಳಿ” ಎಂದೆ. ಭೀಮಸಮುದ್ರದವನು ನಾನು ಮನಸ್ಸು ಬದಲಿಸುವ ಮುಂಚೆ ಅಂತ ಮಾರುತಿಯ ಹೆಸರು ಕೂಗಿ ಎತ್ತಿಕೊಂಡ. ಎತ್ತಿಕೊಳ್ಳಲಿ. ಗೆದ್ದವನಾದ್ದರಿಂದ ನನ್ನ ಸರದಿ ಕೊನೆಯದು. ನಾಲ್ವರೂ ಆರಿಸಿ ಮುಗಿಸಿದರು.

“ಕಾಟಪ್ಪ” ಅಂದೆ.

ನಯಾಜ್ ಮುಖ ಆಚೆ ತಿರುಗಿಸಿಕೊಂಡ. ಸಿದ್ದೇಶನೊಬ್ಬ “ಅಕ್ಕ ಈಗ ಇಲ್ಲ ಪರಮೇಶಿ. ಯಾರಿಗೋಸ್ಕರ ಇದು?” ಎಂದು ಮೆತ್ತಗೆ ಕೇಳಿದ.

“ಅಕ್ಕನಿಗೋಸ್ಕರ ಅಲ್ಲ. ಮೊದಲನೇ ವರ್ಷ ಅವನನ್ನ ಇಳಿಸಿದೋನು ನಾನು” ಅಂದೆ.

ಮೊನ್ನೆ ಭಾನುವಾರ ಮೊದಲ ಮ್ಯಾಚು. ಕಾಟಪ್ಪ ನಾಲ್ಕು ಗೋಲು ಬಿಟ್ಟ, ನಾಲ್ಕೂ ಎಡಗಡೆ. ನಾಲ್ಕನೆಯದು ಬಿದ್ದಾಗ ಸಿದ್ದೇಶ ನೋಟ್‌ಬುಕ್ ನನ್ನ ಮುಂದೆ ತಳ್ಳಿ, “ಮುಂದಿನ ವರ್ಷ ಇವನ ಮುಂದೆ ಏನ್ ಬರೀತೀಯ, ಈಗಲೇ ಬರೆದ್ಬಿಡು, ಟೈಮ್ ಉಳಿಯುತ್ತೆ” ಎಂದ.

ಬರೆದೆ. ಈಗಲೂ ಹೋಗಿ ನೋಡಬಹುದು, ಸರಿ ಅಂತಲೇ ಬರೆದಿದ್ದೇನೆ.